ಜಾಕ್ಸನ್ ಲೇಕ್ ದಡದಲ್ಲಿ ಮೂರು ರಾತ್ರಿ, 144 ಲೀಟರ್ ನೀರು

ಶಿಕಾಗೋ ಬಿಟ್ಟ ಆರನೇ ದಿನ ಮಧ್ಯಾಹ್ನ ಅಮೆರಿಕದ ವಯೋಮಿಂಗ್ ರಾಜ್ಯದ ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದಲ್ಲಿ, ಜಾಕ್ಸನ್ ಲೇಕ್ ದಡದ ಕ್ಯಾಂಪ್ ಜಾಗ ಕೋಲ್ಟರ್ ಬೇ ತಲುಪಿದೆವು. ಪಿಕಪ್‌ನಲ್ಲಿ ನಾಲ್ಕು ಜನ: ನಾನು, ನನ್ನವರು, ಒಂಬತ್ತು ವರ್ಷದ ಮಗಳು, ಹಾಸನದಿಂದ ಬಂದಿದ್ದ ಅಮ್ಮ. ಹಿಂದೆ 23 ಅಡಿಯ ಟ್ರೇಲರ್, ಅಂದರೆ ಮಲಗಲು, ಅಡುಗೆ ಮಾಡಲು ಜಾಗ ಇರುವ ಎಳೆಯುವ ಮನೆ.

ದಾರಿಯ ಬಗ್ಗೆ ಒಂದೇ ಮಾತು. ವಯೋಮಿಂಗ್‌ನಲ್ಲೇ ದಾರಿಗೆ ಸಿಗುವ ಬಿಗ್‌ಹಾರ್ನ್ ಬೆಟ್ಟ ದಾಟಲು ಬಫಲೋ ಊರಿನಿಂದ ಹೋಗುವ 16ನೇ ಹೆದ್ದಾರಿ ಹಿಡಿಯಿರಿ. 14ಎ ರಸ್ತೆಯಲ್ಲಿ ಇಳಿಜಾರು ತುಂಬಾ ಕಡಿದು, ಟ್ರೇಲರ್ ಎಳೆಯುವವರಿಗೆ ಅದು ಬೇಡ.

ನಾವು ತೆಗೆದುಕೊಂಡಿದ್ದು ನಲ್ಲಿ, ಕರೆಂಟು, ಚರಂಡಿ ಯಾವುದೂ ಇಲ್ಲದ ಜಾಗ. ಪೈನ್ ಮರಗಳ ನಡುವೆ ಒಂದಿಷ್ಟು ಸಮತಟ್ಟು ನೆಲ, ಅಷ್ಟೇ. ಕೆರೆಗೆ ನಡೆದು ಹೋಗಬಹುದು. ಕೆರೆ ಅಂತ ನಾನು ಅಭ್ಯಾಸದಿಂದ ಬರೆದೆ. ಜಾಕ್ಸನ್ ಲೇಕ್ ಸಮುದ್ರ ಮಟ್ಟದಿಂದ ಸುಮಾರು 2,060 ಮೀಟರ್ ಎತ್ತರದಲ್ಲಿರುವ ದೊಡ್ಡ ಸರೋವರ. ಎದುರಿಗೇ ಮೌಂಟ್ ಮೊರಾನ್, ಅದರ ನೆತ್ತಿಯಿಂದ ಕೆಳಗೆ ಕಪ್ಪು ಕಲ್ಲಿನ ಒಂದು ಪಟ್ಟಿ. ಬೆಳಿಗ್ಗೆ ಗಾಳಿ ಏಳುವ ಮುಂಚೆ ಹೋದರೆ ಆ ಪಟ್ಟಿ ಕೂಡ ನೀರಲ್ಲಿ ಕಾಣುತ್ತದೆ.

ಬಂದ ಕೂಡಲೇ ಮಾಡಬೇಕಾದ ಕೆಲಸ ಗಾಡಿಯನ್ನು ಮಟ್ಟ ಮಾಡುವುದು. ಇದಕ್ಕೆ ಒಂದು ಕ್ರಮ ಇದೆ. ಪಿಕಪ್‌ಗೆ ಕಟ್ಟಿರುವಾಗಲೇ ಎಡ-ಬಲ ನೋಡಬೇಕು. ನಾನು ಬಾಗಿಲ ಬಳಿ ನೆಲದ ಮೇಲೆ ರಸಮಟ್ಟ ಇಟ್ಟೆ. ಗುಳ್ಳೆ ಬಲಕ್ಕೆ ಓಡಿತು, ಅಂದರೆ ಎಡಗಡೆ ತಗ್ಗು. ಎಡ ಚಕ್ರಗಳ ಮುಂದೆ ಪ್ಲಾಸ್ಟಿಕ್ ಹಲಗೆ ಎರಡೆರಡು ಜೋಡಿಸಿ, ನನ್ನವರು ಅದರ ಮೇಲೆ ಗಾಡಿ ಹತ್ತಿಸಿದರು. ಆಮೇಲೆ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟೆವು. ಇದು ಆಗದೆ ಪಿಕಪ್ ಬಿಚ್ಚಲೇಬಾರದು. ಬಿಚ್ಚಿದ ಮೇಲೆ ಮೂತಿಯ ಜ್ಯಾಕ್ ತಿರುಗಿಸಿ ಹಿಂದು-ಮುಂದು ಸರಿ ಮಾಡುವುದು. ನಾಲ್ಕು ಮೂಲೆಯ ಕಾಲು ಇಳಿಸುವುದು ಕೊನೆಗೆ. ಅವು ಇರುವುದು ಅಲುಗಾಟ ತಡೆಯಲು, ಗಾಡಿ ಎತ್ತಲು ಅಲ್ಲ. ನಮ್ಮದು ಗ್ಯಾಸ್‌ನಲ್ಲಿ ಓಡುವ ಫ್ರಿಜ್. ಗಾಡಿ ಓರೆಯಾಗಿದ್ದರೆ ಸರಿಯಾಗಿ ತಂಪಾಗುವುದಿಲ್ಲ, ಮೊಸರು ಹುಳಿ ಬರುತ್ತದೆ.

ಈಗ ನೀರಿನ ವಿಷಯ. ನಮ್ಮ ಟ್ಯಾಂಕ್ 38 ಗ್ಯಾಲನ್, ಹತ್ತಿರ ಹತ್ತಿರ 144 ಲೀಟರ್. ತುಂಬಿದರೆ ಅಷ್ಟೇ ಕಿಲೋ ಭಾರ. ಹಾಗಾಗಿ ಬೆಟ್ಟದ ದಾರಿಯಲ್ಲಿ ಸ್ವಲ್ಪವೇ ಇಟ್ಟುಕೊಂಡು, ಕೋಲ್ಟರ್ ಬೇಯಲ್ಲೇ ತುಂಬಿಸಿಕೊಂಡೆವು. ಲೆಕ್ಕ ಹೀಗೆ ಹಾಕಿದೆ: ಕುಡಿಯಲು, ಅಡುಗೆಗೆ ದಿನಕ್ಕೆ 15 ಲೀಟರ್. ಪಾತ್ರೆಗೆ 10. ಕೈ, ಮುಖ, ಶೌಚಕ್ಕೆ ಸೇರಿ 15. ಸ್ನಾನ ಹೊರಗೆ, ಅಲ್ಲೇ ದುಡ್ಡು ಕೊಟ್ಟು ಮಾಡುವ ಸ್ನಾನದ ಮನೆ ಇದೆ.

"ಅಲ್ಲ ಕಣೇ, ಇಷ್ಟು ದೊಡ್ಡ ಕೆರೆ ಎದುರಿಗಿದೆ, ನೀನು ಲೋಟದ ಲೆಕ್ಕದಲ್ಲಿ ನೀರು ಕೊಡ್ತೀಯಲ್ಲ" ಅಂದರು ಅಮ್ಮ.

ಕಷ್ಟ ತರೋದು ಮಾತ್ರ ಅಲ್ಲಮ್ಮ, ಬಿಡೋದೂ ಅಂದೆ. ಬಳಸಿದ ನೀರು ಒಂದು ಹನಿಯೂ ನೆಲಕ್ಕೆ ಹೋಗಬಾರದು. ಅದಕ್ಕೇ ಬೇರೆ ಟ್ಯಾಂಕ್ ಇದೆ, ಅದು ಇನ್ನೂ ಚಿಕ್ಕದು. ಅಮ್ಮ ಮತ್ತೆ ಮಾತಾಡಲಿಲ್ಲ. ಆ ರಾತ್ರಿ ಮುಸುರೆ ಪಾತ್ರೆ ತಾವೇ ತೆಗೆದುಕೊಂಡರು. ತಟ್ಟೆಗಳನ್ನು ಮೊದಲು ಕಾಗದದಿಂದ ಒರೆಸಿದರು. ಚಿಕ್ಕ ಬೇಸಿನ್‌ನಲ್ಲಿ ಎರಡು ಲೀಟರ್ ಬಿಸಿನೀರು, ಎರಡು ತೊಟ್ಟು ಸೋಪು. ಮೊದಲು ಲೋಟ, ಆಮೇಲೆ ತಟ್ಟೆ, ಜಿಡ್ಡಿನ ಬಾಣಲೆ ಕೊನೆಗೆ. ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಟ್ಟು ಎಲ್ಲವನ್ನೂ ತೊಳೆದು ಮುಗಿಸಿದರು. ಎರಡು ದಿನಕ್ಕೊಮ್ಮೆ ನಲ್ಲಿ ನೀರು ಬರುತ್ತಿದ್ದ ಕಾಲದಲ್ಲಿ ಮನೆ ನಡೆಸಿದ ಕೈ ಅದು. ನಾನು ಐದು ವರ್ಷದಿಂದ ಟ್ರೇಲರ್ ಎಳೆಯುತ್ತಿದ್ದೇನೆ, ಇಷ್ಟು ಕಡಿಮೆ ನೀರಲ್ಲಿ ಯಾವತ್ತೂ ತೊಳೆದಿರಲಿಲ್ಲ.

ಆ ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯುವುದೇ ಇಲ್ಲ ಅನ್ನಿಸುತ್ತದೆ, ಗ್ಯಾಸೂ ಜಾಸ್ತಿ ಹೋಗುತ್ತದೆ. ಕುಕ್ಕರ್ ಮರೆಯಬೇಡಿ. ಒಗ್ಗರಣೆ ಗಾಡಿಯ ಒಳಗೇ ಹಾಕಿದೆವು. ಇದು ಗ್ರಿಜ್ಲಿ ಕರಡಿಗಳ ಕಾಡು. ಅನ್ನ, ಪಾತ್ರೆ, ಒಲೆ, ಖಾಲಿ ಕೂಲರ್ ಕೂಡ ಹೊರಗೆ ಬಿಟ್ಟು ಹೋಗುವಂತಿಲ್ಲ. ಬೆಳಿಗ್ಗೆ ಕಾಗೆಗೆ ಒಂದು ತುತ್ತು ಇಡುವ ಅಭ್ಯಾಸ ಅಮ್ಮನಿಗೆ. ಅದನ್ನು ಬೇಡ ಅನ್ನುವುದು ನನಗೆ ಕಷ್ಟವಾಯಿತು. ಆದರೆ ಮನುಷ್ಯರ ಅನ್ನದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುತ್ತದೆ ಅಂತ ಹೇಳಿದಾಗ, ಸುಮ್ನೆ ಕೈ ಮುಗಿದು ಒಳಗೆ ಬಂದರು.

ಮೊದಲ ರಾತ್ರಿ ಒಂದು ತಪ್ಪಾಯಿತು. ಜುಲೈ ಆದರೂ ಚಳಿ 5 ಡಿಗ್ರಿ ಹತ್ತಿರ ಇಳಿದಿತ್ತು. ಹೀಟರ್ ಗ್ಯಾಸಿನದು, ಆದರೆ ಅದರ ಫ್ಯಾನು ಬ್ಯಾಟರಿಯದು. ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ನೋಡಿದರೆ ಬ್ಯಾಟರಿ ಇಳಿದು ನೀರಿನ ಪಂಪು ಉಸಿರು ಎಳೆಯುತ್ತಿತ್ತು. ಮಾಡಿನ ಮೇಲಿನ ಸೋಲಾರ್ ಪೂರ್ತಿ ಪೈನ್ ನೆರಳಲ್ಲಿತ್ತು. ಮಡಚುವ ಪ್ಯಾನೆಲ್ ಒಂದಿತ್ತು, ಮಗಳು ದಿನವಿಡೀ ಬಿಸಿಲು ಸರಿದಂತೆ ಅದನ್ನು ಸರಿಸುತ್ತಾ ಇದ್ದಳು. ಮುಂದಿನ ರಾತ್ರಿಗಳಲ್ಲಿ ಹೀಟರ್ ಮಲಗುವ ಮುಂಚೆ ಅರ್ಧ ಗಂಟೆ, ಎದ್ದ ಮೇಲೆ ಅರ್ಧ ಗಂಟೆ. ನಡುವೆ ಕಂಬಳಿ.

ಸಂಜೆಗಳು ದಡದ ಬೆಣಚುಕಲ್ಲಿನ ಮೇಲೆ ಕಳೆದವು. "ಈ ನೀರು ಯಾರ ಹೊಲಕ್ಕೆ ಹೋಗುತ್ತೆ?" ಅಂತ ಅಮ್ಮ ಕೇಳಿದರು. ಎಷ್ಟು ಒಳ್ಳೆ ಪ್ರಶ್ನೆ ಅಲ್ವಾ? ಇದು ಮೊದಲೇ ಇದ್ದ ಸರೋವರ. ಒಂದು ಶತಮಾನದ ಹಿಂದೆ ಅಣೆಕಟ್ಟು ಕಟ್ಟಿ ಇನ್ನೂ ಏರಿಸಿದ್ದಾರೆ. ಸ್ನೇಕ್ ನದಿಯಲ್ಲಿ ಇಳಿದು ಪಕ್ಕದ ಐಡಹೊ ರಾಜ್ಯದ ರೈತರಿಗೆ ಹೋಗುತ್ತದೆ. "ಹಂಗಾದ್ರೆ ನಮ್ಮ ಗೊರೂರು ಇದ್ದಂಗೆ" ಅಂದರು. ಆಮೇಲೆ ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದರು.

ಹೊರಡುವ ಬೆಳಿಗ್ಗೆ ಟ್ಯಾಂಕ್‌ನಲ್ಲಿ ಇನ್ನೂ ಮೂವತ್ತು ಲೀಟರ್ ಮೇಲೆಯೇ ಉಳಿದಿತ್ತು. ಅಮ್ಮ ದೊಡ್ಡ ಪಾತ್ರೆ ತುಂಬಾ ನೀರು ಕಾಯಿಸಿ ಕಾಫಿ ಮಾಡಿದರು, ಎಲ್ಲರಿಗೂ ಎರಡೆರಡು ಲೋಟ. ಲೋಟಗಳನ್ನು ಮಾತ್ರ ಅದೇ ಬೇಸಿನ್‌ನಲ್ಲೇ ತೊಳೆದರು.