ಎರಡೆರಡು ಕಾಣುವವರಿಗೆ ನಾನು ಮಾಡುವ ಪರೀಕ್ಷೆ

"ಡಾಕ್ಟ್ರೇ, ಎಲ್ಲಾ ಎರಡೆರಡು ಕಾಣ್ತಿದೆ" ಅಂತ ಬಂದವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದು. ಒಂದೇ ಕಣ್ಣಲ್ಲಿ ನೋಡಿದಾಗಲೂ ಎರಡು ಕಂಡರೆ ತೊಂದರೆ ಆ ಕಣ್ಣಿನದೇ. ಪವರ್, ಪೊರೆ, ಕಣ್ಣು ಒಣಗುವುದು, ಹೀಗೆ. ಕನ್ನಡಕಕ್ಕೋ ಡ್ರಾಪ್ಸ್‌ಗೋ ಪೊರೆ ಆಪರೇಷನ್‌ಗೋ ಸಾಮಾನ್ಯವಾಗಿ ಸರಿಹೋಗುತ್ತದೆ.

ಯಾವ ಕಣ್ಣು ಮುಚ್ಚಿದರೂ ಒಂದೇ ಕಂಡರೆ, ಎರಡು ಕಣ್ಣೂ ಒಂದೇ ಕಡೆ ತಿರುಗುತ್ತಿಲ್ಲ ಎಂದರ್ಥ. ನನ್ನ ಸಮಯ ಜಾಸ್ತಿ ಹೋಗುವುದು ಇಲ್ಲೇ. ಒಂದೊಂದು ಕಣ್ಣಿಗೂ ಆರು ಸ್ನಾಯು, ಅವನ್ನು ಆಡಿಸಲು ಮೂರು ನರ: ಮೆದುಳಿನಿಂದ ಹೊರಡುವ ನರಗಳಲ್ಲಿ ಮೂರನೆಯದು, ನಾಲ್ಕನೆಯದು, ಆರನೆಯದು. ಯಾವುದು ಸೋತಿದೆ ಅನ್ನುವುದನ್ನು ಅರ್ಧ ಅವರ ಮಾತೇ ಹೇಳಿಬಿಡುತ್ತದೆ. ದೂರದ್ದು ಪಕ್ಕಪಕ್ಕದಲ್ಲಿ ಎರಡಾದರೆ ಆರನೇ ನರದ ಮೇಲೆ ಅನುಮಾನ. ಮೆಟ್ಟಿಲು ಇಳಿಯುವಾಗ ಒಂದರ ಮೇಲೊಂದು ಕಂಡರೆ ನಾಲ್ಕನೆಯದು. ಇಂಥವರು ಗೊತ್ತಿಲ್ಲದೆಯೇ ತಲೆ ವಾಲಿಸಿಕೊಂಡು ಬರುತ್ತಾರೆ. ಬೆಳಿಗ್ಗೆ ಸರಿಯಿದ್ದು ಸಂಜೆ ಜಾಸ್ತಿಯಾಗುತ್ತೆ ಅಂದರೆ ಮಯಸ್ತೇನಿಯಾ, ಅಂದರೆ ಸ್ನಾಯುಗಳು ಬೇಗ ದಣಿಯುವ ಕಾಯಿಲೆ, ಇರಬಹುದು. ಜೋತ ರೆಪ್ಪೆ ಮೇಲೆ ಎರಡು ನಿಮಿಷ ಐಸ್ ಇಡುತ್ತೇನೆ. ರೆಪ್ಪೆ ಮೇಲೆದ್ದರೆ ಅನುಮಾನ ಬಲವಾಗುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ನಾನು ಕಾಯುವುದೇ ಇಲ್ಲ. ರೆಪ್ಪೆ ಇಳಿದು, ಪಾಪೆ ಹಿಗ್ಗಿ, ತಲೆ ಸಿಡಿಯುತ್ತಿದ್ದರೆ, ಮೆದುಳಿನ ರಕ್ತನಾಳ ಉಬ್ಬಿ ಮೂರನೇ ನರವನ್ನು ಒತ್ತುತ್ತಿರಬಹುದು. ತಕ್ಷಣ ಸ್ಕ್ಯಾನ್‌ಗೆ ಕಳಿಸುತ್ತೇನೆ. ಮಾತು ತೊದಲಿದರೂ, ಕೈಕಾಲು ಸೋತರೂ ಅಷ್ಟೇ. ದಯವಿಟ್ಟು ಇದನ್ನು ನಾಳೆಗೆ ಮುಂದೂಡಬೇಡಿ.

ನಾನು ಹೆಚ್ಚಾಗಿ ನೋಡುವುದು ಶುಗರ್, ಬಿಪಿ ಇರುವವರನ್ನು. ಆರನೇ ನರಕ್ಕೆ ಹೋಗುವ ಸಣ್ಣ ರಕ್ತನಾಳ ಕಟ್ಟಿಕೊಂಡು ಕಣ್ಣು ಒಳಗೆ ಸರಿದಿರುತ್ತದೆ. ಎದುರಿಗೆ ಒಂದು ದೀಪ ತೋರಿಸಿ, ಕಣ್ಣ ಮುಂದೆ ಪ್ರಿಸಂ (ಬೆಳಕನ್ನು ಬಾಗಿಸುವ ಗಾಜು) ಪಟ್ಟಿಯನ್ನು ನಿಧಾನವಾಗಿ ಸರಿಸುತ್ತೇನೆ. ದೀಪಗಳು ಹತ್ತಿರ ಬರುತ್ತವೆ, ಒಂದು ಹಂತದಲ್ಲಿ "ಹಾಂ, ಸೇರ್ತು!" ಅನ್ನುತ್ತಾರೆ. ಆ ಮುಖದ ನಿರಾಳ ನೋಡಲು ಇವತ್ತಿಗೂ ಖುಷಿ. ಅದೇ ಅಳತೆಯ ತೆಳು ಪ್ಲಾಸ್ಟಿಕ್ ಪ್ರಿಸಂ ಅನ್ನು ಅವರ ಕನ್ನಡಕಕ್ಕೇ ಅಂಟಿಸುತ್ತೇವೆ. ಪ್ರಿಸಂ ಸಾಲದಿದ್ದರೆ ಒಂದು ಗಾಜಿಗೆ ಟೇಪ್ ಹಚ್ಚಿದರೂ ಸಾಕು. ಎರಡೆರಡು ಕಾಣುವುದು ನಿಲ್ಲುವವರೆಗೆ ಗಾಡಿ ಓಡಿಸುವ ಹಾಗಿಲ್ಲ. ಶುಗರ್, ಬಿಪಿ ಹಿಡಿತಕ್ಕೆ ತರಲೇಬೇಕು. ಬಹಳಷ್ಟು ಜನರಿಗೆ ಸುಮಾರು 3 ತಿಂಗಳಲ್ಲಿ ನರ ತಾನೇ ಚೇತರಿಸಿಕೊಳ್ಳುತ್ತದೆ. ಕಣ್ಣು ಸರಿಹೋದ ಹಾಗೆ ಪ್ರಿಸಂ ಪವರ್ ಇಳಿಸುತ್ತಾ ಬರುತ್ತೇವೆ. ಚೇತರಿಕೆ ಕಾಣದಿದ್ದರೆ ಸುಮ್ನೆ ಕೂರುವುದಿಲ್ಲ, ಬೇರೆ ಕಾರಣ ಹುಡುಕುತ್ತೇವೆ.

"ಆಪರೇಷನ್ ಈಗಲೇ ಮಾಡಿಬಿಡಿ" ಅನ್ನುವವರಿದ್ದಾರೆ. ಕಣ್ಣಿನ ಓರೆ ಕನಿಷ್ಠ ಆರು ತಿಂಗಳು ಬದಲಾಗದೆ ನಿಂತ ಮೇಲಷ್ಟೇ ನಾನು ಸ್ನಾಯುಗಳ ಆಪರೇಷನ್ ಮಾತೆತ್ತುವುದು.