ಅಣಕು ಸದನದಲ್ಲಿ ಮುಖ್ಯಮಂತ್ರಿ ಪಾರ್ಟ್ ಸಿಕ್ಕಿದ್ಯಾ? ಬಜೆಟ್ ಚರ್ಚೆಗೆ ಉತ್ತರ ಹೀಗೆ ಕಟ್ಕೊಳ್ಳಿ

ಮಂಡ್ಯದಲ್ಲಿ ಕಾಲೇಜು ಮಕ್ಕಳನ್ನ ಯುವ ಸಂಸತ್ತು ಸ್ಪರ್ಧೆಗೆ ತಯಾರು ಮಾಡೋ ಕೆಲಸ ಕೆಲವು ವರ್ಷದಿಂದ ಮಾಡ್ತಿದೀನಿ. ವಿರೋಧ ಪಕ್ಷದ ಪಾರ್ಟ್ ಸಿಕ್ಕಿದವರು ಎರಡೇ ದಿನಕ್ಕೆ ರೆಡಿ ಆಗ್ಬಿಡ್ತಾರೆ, ಆದ್ರೆ ಮುಖ್ಯಮಂತ್ರಿ ಪಾರ್ಟ್ ಸಿಕ್ಕಿದ ಮಗು ಒಂದು ವಾರ ಕಷ್ಟಪಟ್ಟು ಬರ್ಕೊಂಡು ಬಂದಿದ್ದನ್ನ ಓದಿದ್ರೆ ಬಸ್ ಹಿಂದೆ ಅಂಟಿಸಿರೋ ಸರ್ಕಾರಿ ಜಾಹೀರಾತು ಓದಿದ ಹಾಗೇ ಇರುತ್ತೆ. ಅದು ಕೊಟ್ವಿ, ಇದು ಕೊಟ್ವಿ, ಅಷ್ಟು ಕೋಟಿ, ಇಷ್ಟು ಲಕ್ಷ ಜನ. ಎದುರುಗಡೆಯವರು ಕೇಳಿದ ಪ್ರಶ್ನೆ ಒಂದೂ ಅದ್ರಲ್ಲಿ ಇರಲ್ಲ. ಸದನದಲ್ಲಿ ಇದಕ್ಕೆ 'ಉತ್ತರ' ಅಂತ ಹೆಸರಿರೋದು ಸುಮ್ಮನೆ ಅಲ್ಲ, ಕೇಳಿದ್ದಕ್ಕೆ ಹೇಳಬೇಕು, ಅದರಲ್ಲೂ ನಮಗೆ ಎಲ್ಲಕ್ಕಿಂತ ಜಾಸ್ತಿ ನೋಯೋ ಪ್ರಶ್ನೆಗೆ ಮೊದಲು ಹೇಳಬೇಕು.

ಮೊದಲು ಯಾವ ಚರ್ಚೆ ಅಂತ ಸರಿಯಾಗಿ ತಿಳ್ಕೊಳ್ಳಿ, ಯಾಕಂದ್ರೆ ಹಣಕಾಸು ಖಾತೆನೂ ತಮ್ಮ ಹತ್ರನೇ ಇರೋ ಮುಖ್ಯಮಂತ್ರಿ ಉದ್ದಕ್ಕೆ ಉತ್ತರ ಕೊಡೋದು ಮುಖ್ಯವಾಗಿ ಎರಡು ಸಲ. ರಾಜ್ಯಪಾಲರ ಭಾಷಣ ಆದ್ಮೇಲೆ ವಂದನಾ ನಿರ್ಣಯದ ಮೇಲೆ ಚರ್ಚೆ ನಡೆಯುತ್ತಲ್ಲ, ಅದು ಸರ್ಕಾರ ಯಾವ ದಾರೀಲಿ ಹೋಗ್ತಿದೆ ಅನ್ನೋದ್ರ ಬಗ್ಗೆ. ಬಜೆಟ್ ಮೇಲಿನ ಸಾಮಾನ್ಯ ಚರ್ಚೆ ದುಡ್ಡಿನ ಬಗ್ಗೆ, ಅದಾದ್ಮೇಲೆ ಇಲಾಖಾವಾರು ಬೇಡಿಕೆಗಳು, ಕೊನೆಗೆ ಧನವಿನಿಯೋಗ ವಿಧೇಯಕ, ಅಂದ್ರೆ ಖಜಾನೆಯಿಂದ ದುಡ್ಡು ತೆಗೆಯೋಕೆ ಒಪ್ಪಿಗೆ ಕೊಡೋ ಮಸೂದೆ. ನಿಮಗೆ ಬಜೆಟ್ ಚರ್ಚೆ ಸಿಕ್ಕಿದ್ರೆ ಮಾತು ಖಜಾನೆಯಿಂದಾನೇ ಶುರುವಾಗಬೇಕು. ಇನ್ನೊಂದು ಸಣ್ಣ ವಿಷಯ, ವಿಧಾನಸಭೆ ಆದ್ರೆ 'ಮಾನ್ಯ ಸಭಾಧ್ಯಕ್ಷರೇ', ಪರಿಷತ್ತಾದ್ರೆ 'ಮಾನ್ಯ ಸಭಾಪತಿಗಳೇ', ಇದನ್ನ ತಪ್ಪು ಹೇಳಿದ್ರೆ ಅಲ್ಲೇ ನಗ್ತಾರೆ. ಏನೇ ಹೇಳಿದ್ರೂ ಅಧ್ಯಕ್ಷರ ಕಡೆ ತಿರುಗಿ ಹೇಳಿ, ಎದುರು ಸಾಲಿನವರ ಜೊತೆ ನೇರವಾಗಿ ಜಗಳಕ್ಕೆ ನಿಂತ್ಕೋಬೇಡಿ.

ಒಂದು ಉದ್ದನೆ ನೋಟ್‌ಬುಕ್ ತಗೊಳ್ಳಿ. ವಿರೋಧ ಪಕ್ಷದವರು ಪ್ರಾಕ್ಟೀಸ್ ಮಾಡುವಾಗ ಕೂತು ಕೇಳಿ, ಪ್ರತಿ ಪ್ರಶ್ನೆನೂ ಅವರ ಮಾತಲ್ಲೇ ಬರ್ಕೊಳ್ಳಿ, ನಿಮಗೆ ಅನುಕೂಲ ಆಗೋ ಹಾಗೆ ತಿರುಚ್ಕೊಂಡು ಬರೀಬೇಡಿ. ಮೂವತ್ತು ಪ್ರಶ್ನೆ ಬಂದಿದ್ರೂ ಗುಂಪು ಮಾಡಿದ್ರೆ ನಾಲ್ಕೈದೇ ಆಗುತ್ತೆ: ಸಾಲ ಜಾಸ್ತಿ ಆಯ್ತು, ಗ್ಯಾರಂಟಿಯಿಂದ ಅಭಿವೃದ್ಧಿ ನಿಂತೋಯ್ತು, ಬೆಲೆ ಏರಿಸಿದ್ರಿ, ದಲಿತರ ದುಡ್ಡು ಬೇರೆ ಕಡೆ ಹೋಯ್ತು, ನಮ್ಮ ಕ್ಷೇತ್ರಕ್ಕೆ ಏನೂ ಬಂದಿಲ್ಲ. ಇದ್ರಲ್ಲಿ ರಾತ್ರಿ ನಿಮಗೆ ನಿದ್ದೆ ಬರಿಸದ ಪ್ರಶ್ನೆ ಯಾವುದೋ ಅದೇ ನಿಮ್ಮ ಮೊದಲ ಪುಟ.

ಇಲ್ಲಿ ಒಂದು ವಿಷಯ ಹೇಳ್ಲೇಬೇಕು. ಪಾಂಡವಪುರ ಕಡೆ ಹಳ್ಳಿಯ ಒಬ್ಬ ಹುಡುಗಿಗೆ ಒಂದ್ಸಲ ಈ ಪಾರ್ಟ್ ಬಂತು. ನಾನೇ ವಿರೋಧ ಪಕ್ಷದ ನಾಯಕನ ಜಾಗದಲ್ಲಿ ಕೂತು ಕೇಳಿದೆ, 'ಹೆಣ್ಮಕ್ಕಳಿಗೆ ಬಸ್ ಫ್ರೀ ಅಂದ್ರಿ, ಹತ್ತೋಕೆ ಬಸ್ಸೆಲ್ಲಿದೆ?' ಅವಳು ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯ್ತು, ಐತಿಹಾಸಿಕ, ಅಂತ ಐದು ನಿಮಿಷ ಹೇಳಿದ್ಲು, ಬಸ್ ಬಗ್ಗೆ ಒಂದ್ ಮಾತಿಲ್ಲ. 'ನೀನು ದಿನಾ ಹೇಗಮ್ಮ ಕಾಲೇಜಿಗೆ ಬರ್ತೀಯ' ಅಂದೆ. ಮಾರನೇ ದಿನ ನೋಟ್‌ಬುಕ್ ತಂದ್ಲು, ಬೆಳಗ್ಗೆ ಏಳೂವರೆಯಿಂದ ಸ್ಟಾಪಲ್ಲಿ ನಿಂತು ಬರೆದಿದ್ದು: ಮೊದಲನೇ ಬಸ್ಸು ಫುಲ್ಲು, ಎರಡನೇದೂ ಫುಲ್ಲು, ಮೂರನೇದ್ರಲ್ಲಿ ಫುಟ್‌ಬೋರ್ಡ್ ಮೇಲೆ ಒಂದು ಕಾಲಿಡೋಕೆ ಜಾಗ. ಪುಟದ ಮಧ್ಯ ಆವತ್ತಿನ ಜೀರೋ ಟಿಕೆಟ್ ಮಡಚಿ ಇಟ್ಟಿದ್ಲು. ಅವತ್ತು ಅವಳ ಉತ್ತರ ಹೀಗಿತ್ತು, 'ಮಾನ್ಯ ಸದಸ್ಯರು ಹೇಳಿದ್ದು ನಿಜ, ಬೆಳಗ್ಗೆ ಹೊತ್ತು ಬಸ್ಸು ಸಾಲ್ತಿಲ್ಲ, ನಾನೇ ನೋಡಿದೀನಿ. ಆದ್ರೆ ಮೂರು ವರ್ಷದ ಹಿಂದೆ ಆ ಸ್ಟಾಪಲ್ಲಿ ಇಷ್ಟು ಹೆಣ್ಮಕ್ಕಳು ನಿಂತಿರಲಿಲ್ಲ. ಅವರು ಮನೆಯಿಂದ ಹೊರಗೆ ಬಂದಿದಾರೆ, ಈಗ ಬಸ್ಸು ಕೊಡೋದು ನಮ್ಮ ಜವಾಬ್ದಾರಿ, ಅದಕ್ಕೆ ಈ ಬಜೆಟ್‌ನಲ್ಲಿ ಇಟ್ಟಿರೋದು ಇಷ್ಟು.' ನನಗೆ ಮರುಪ್ರಶ್ನೆ ಹೊಳೀಲಿಲ್ಲ. ಒಪ್ಕೊಂಡ್ರೆ ಸೋತಂಗೆ ಅಂತ ಮಕ್ಕಳು ತಿಳ್ಕೊಂಡಿರ್ತಾರೆ, ಆದ್ರೆ ಇರೋ ತೊಂದ್ರೆ ಇದೆ ಅಂತ ಒಪ್ಪಿದವರ ಮುಂದಿನ ಮಾತನ್ನೇ ಜನ ನಂಬೋದು.

ಈಗ ಲೆಕ್ಕ. ಅಂಕಿ ಕಮ್ಮಿ ಇರಲಿ, ಆದ್ರೆ ಪ್ರತಿಯೊಂದ್ರ ಅರ್ಥ ನಿಮಗೆ ಗೊತ್ತಿರಲಿ. ಉದಾಹರಣೆಗೆ 2025ರ ಮಾರ್ಚ್ 7ಕ್ಕೆ ಸಿದ್ದರಾಮಯ್ಯನವರು ಮಂಡಿಸಿದ ಬಜೆಟ್ ತಗೊಳ್ಳಿ, ಅವರ 16ನೇದು. ಒಟ್ಟು ಗಾತ್ರ 4,09,549 ಕೋಟಿ, ಐದು ಗ್ಯಾರಂಟಿಗೆ 51,034 ಕೋಟಿ. ಹಂಗೇ ಓದಿದ್ರೆ ಯಾರ ತಲೆಗೂ ಹೋಗಲ್ಲ, 'ನೂರು ರೂಪಾಯಲ್ಲಿ ಸುಮಾರು ಹನ್ನೆರಡೂವರೆ ರೂಪಾಯಿ ಗ್ಯಾರಂಟಿಗೆ' ಅನ್ನಿ. ಎದುರಿನವರು ತಕ್ಷಣ ಸಾಲಕ್ಕೆ ಬರ್ತಾರೆ. ಅದಕ್ಕೆ 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಅಧಿನಿಯಮ ಗೊತ್ತಿರಬೇಕು: ವಿತ್ತೀಯ ಕೊರತೆ, ಅಂದ್ರೆ ಆ ವರ್ಷದ ಖರ್ಚಲ್ಲಿ ಸಾಲ ತಂದು ತುಂಬಬೇಕಾದ ಭಾಗ, ರಾಜ್ಯದ ಜಿಡಿಪಿಯ ಶೇ. 3 ದಾಟಬಾರ್ದು, ಒಟ್ಟು ಸಾಲ ಶೇ. 25 ದಾಟಬಾರ್ದು, ರಾಜಸ್ವ ಕೊರತೆ, ಅಂದ್ರೆ ದಿನನಿತ್ಯದ ಖರ್ಚಿಗೆ ಆದಾಯ ಸಾಲದೆ ಬರೋದು, ಇರಲೇಬಾರ್ದು. ಆ ಬಜೆಟ್‌ನಲ್ಲಿ ಮೊದಲನೇದು ಶೇ. 2.95, ಎರಡನೇದು ಶೇ. 24.91, ಅಂದ್ರೆ ಗೆರೆ ಒಳಗಿದೆ ಆದ್ರೆ ಗೆರೆ ಮೇಲೇ ಕೂತಿದೆ. ಮೂರನೇದ್ರಲ್ಲಿ 19,262 ಕೋಟಿ ಕೊರತೆ. ಮಕ್ಕಳು ಮೊದಲೆರಡನ್ನ ಜೋರಾಗಿ ಹೇಳಿ ಮೂರನೇದನ್ನ ನುಂಗ್ಕೊಳ್ತಾರೆ, ಹಂಗೆ ಮಾಡಬೇಡಿ, ವಿರೋಧ ಪಕ್ಷದವರು ಹುಡುಕ್ತಿರೋದೇ ಅದು. ನಮ್ಮ ರೈತರ ಭಾಷೇಲಿ ಹೇಳೋದಾದ್ರೆ ಬೋರ್ ಕೊರೆಸೋಕೆ ಸಾಲ ಮಾಡೋದು ಬೇರೆ, ದಿನಸಿ ತರೋಕೆ ಕೈಸಾಲ ಮಾಡೋದು ಬೇರೆ, ರಾಜಸ್ವ ಕೊರತೆ ಎರಡನೇ ಥರದ್ದು. 'ಈ ಕೊರತೆ ಇದೆ, ಇಷ್ಟು ವರ್ಷದಲ್ಲಿ ಮುಚ್ತೀವಿ, ಹೀಗೆ ಮುಚ್ತೀವಿ' ಅಂತ ನೀವೇ ಮೊದಲು ಹೇಳ್ಬಿಡಿ.

ಆಡಳಿತ ಮಾಡೋರು ಹೀಗೆ ಜನರ ಮುಂದೆ ಲೆಕ್ಕ ಒಪ್ಪಿಸೋದು ನಮ್ಮ ಮೈಸೂರಿಗೆ ಹೊಸದೇನಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾ ಪ್ರತಿನಿಧಿ ಸಭೆ ಶುರು ಮಾಡಿದಾಗ 144 ಜನ ಸದಸ್ಯರು ಸೇರಿದ್ರು, ದಿವಾನರು ಆ ವರ್ಷದ ಆದಾಯ ಖರ್ಚು ಎಲ್ಲ ಓದಿ ಹೇಳಿದ್ರು. ಸದಸ್ಯರಿಗೆ ಆಗ ವೋಟ್ ಹಾಕೋ ಅಧಿಕಾರ ಇರಲಿಲ್ಲ, ಕಷ್ಟ ಹೇಳ್ಕೊಳ್ಳೋದು ಅಷ್ಟೇ, ಆದ್ರೂ ದಸರಾ ಬಂತು ಅಂದ್ರೆ ದಿವಾನರು ಎದ್ದು ನಿಂತು ಲೆಕ್ಕ ಹೇಳಬೇಕಿತ್ತು. ಈ ಊರಿನ ಮಕ್ಕಳಿಗೆ ಇದು ಗೊತ್ತಿರಬೇಕು ಅಂತ ನನಗೆ ತುಂಬಾ ಆಸೆ, ಪ್ರತಿ ಬ್ಯಾಚಿಗೂ ಹೇಳ್ತೀನಿ.

ಬೆಲೆ ಏರಿಕೆ ಪ್ರಶ್ನೆ ಬಂದೇ ಬರುತ್ತೆ, 'ಒಂದ್ ಕೈಲಿ ಕೊಟ್ಟು ಇನ್ನೊಂದ್ ಕೈಲಿ ಕಿತ್ಕತೀರಲ್ಲ' ಅಂತ. ಪೆಟ್ರೋಲ್ ಮೇಲೆ 2024ರ ಜೂನ್‌ನಲ್ಲಿ ಮೂರು ರೂಪಾಯಿ, ಬಸ್ ದರ 2025ರ ಜನವರಿ 5ರಿಂದ ಶೇ. 15, ನಂದಿನಿ ಹಾಲು ಅದೇ ವರ್ಷ ಏಪ್ರಿಲ್‌ನಿಂದ ಲೀಟರಿಗೆ ನಾಲ್ಕು ರೂಪಾಯಿ. ಸುಳ್ಳು ಅನ್ನೋಕಾಗಲ್ಲ. ಒಂದು ಮನೆ ಲೆಕ್ಕ ಹಾಕ್ಕೊಂಡು ಹೋಗಿ: ಮನೆ ಯಜಮಾನಿಗೆ ಬರೋ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಅಂದ್ರೆ ವರ್ಷಕ್ಕೆ 24,000, ದಿನಕ್ಕೆ ಒಂದು ಲೀಟರ್ ಹಾಲು ತಗೊಳ್ಳೋ ಮನೆಗೆ ನಾಲ್ಕು ರೂಪಾಯಿ ಏರಿಕೆ ಅಂದ್ರೆ ವರ್ಷಕ್ಕೆ 1,460. ಇದು ಬಲವಾದ ಉತ್ತರ. ಆದ್ರೆ ದುಡ್ಡು ಸರಿಯಾದ ತಿಂಗಳಿಗೆ ಬೀಳದ ಮನೆಗೆ ಈ ಲೆಕ್ಕ ತಾಗಲ್ಲ, ಹಾಗಾಗಿ ಕಂತು ತಡವಾಗೋದ್ರ ಬಗ್ಗೆನೂ ಒಂದು ಸಾಲು ಇಟ್ಕೊಳ್ಳಿ. ಹಾಲಿನ ಏರಿಕೆ ಉತ್ಪಾದಕರಿಗೆ ಅಂತ ಮಾಡಿದ್ದು ಅನ್ನೋದೂ ಹೇಳಿ, ಮಂಡ್ಯದಲ್ಲಿ ಹಸು ಕಟ್ಟಿರೋ ಮನೆಗಳು ಎಷ್ಟಿಲ್ಲ.

ದಿಲ್ಲಿ ಕಡೆ ಬೆರಳು ತೋರಿಸೋದು ಸುಲಭ, ಅದಕ್ಕೇ ಎಲ್ಲ ಮಕ್ಕಳೂ ಅಲ್ಲೇ ಶುರು ಮಾಡ್ತಾರೆ. ವಿಷಯ ಇರೋದು ನಿಜ, ಕೇಂದ್ರದ ತೆರಿಗೇಲಿ ಯಾವ ರಾಜ್ಯಕ್ಕೆ ಎಷ್ಟು ಪಾಲು ಅಂತ ಶಿಫಾರಸು ಮಾಡೋದು ಹಣಕಾಸು ಆಯೋಗ, ಕರ್ನಾಟಕಕ್ಕೆ 14ನೇ ಆಯೋಗದಲ್ಲಿ ಶೇ. 4.713 ಇತ್ತು, 15ನೇದ್ರಲ್ಲಿ ಶೇ. 3.647ಕ್ಕೆ ಇಳೀತು, ಇದಕ್ಕೇ 2024ರ ಫೆಬ್ರವರಿಯಲ್ಲಿ ಜಂತರ್ ಮಂತರ್‌ನಲ್ಲಿ ಸರ್ಕಾರವೇ ಪ್ರತಿಭಟನೆಗೆ ಕೂತಿದ್ದು. ನಿಮ್ಮ ಬಜೆಟ್ 2026-27 ಅಥವಾ ಆಮೇಲಿಂದು ಆದ್ರೆ 16ನೇ ಆಯೋಗದ ಲೆಕ್ಕ ಬರುತ್ತೆ, ಹಳೇ ಅಂಕಿ ಹಿಡ್ಕೊಂಡು ಹೋಗಬೇಡಿ. ಇದೆಲ್ಲ ಸೇರಿ ಎರಡು ನಿಮಿಷ ಸಾಕು, ಜಾಸ್ತಿ ಆದ್ರೆ ನೆಪ ಹೇಳ್ದಂಗಿರುತ್ತೆ.

ಪರಿಶಿಷ್ಟರ ಹಣದ ಪ್ರಶ್ನೆನ ಹಗುರವಾಗಿ ತಗೋಬೇಡಿ, ನನ್ನ ಪ್ರಕಾರ ಎಲ್ಲಕ್ಕಿಂತ ನ್ಯಾಯವಾದ ಪ್ರಶ್ನೆ ಇದೇ. ಜನಸಂಖ್ಯೆಗೆ ತಕ್ಕಂತೆ ಅವರಿಗೆ ಅಂತ ದುಡ್ಡು ಇಡಬೇಕು ಅನ್ನೋ ಕಾಯ್ದೆ 2013ರಲ್ಲಿ ಬಂತು. ಅದರ ಒಂದು ಭಾಗ ಗ್ಯಾರಂಟಿಗೆ ಹೋಗ್ತಿದೆ ಅನ್ನೋದು ಆರೋಪ, ಆ ಗ್ಯಾರಂಟಿ ತಗೊಳ್ಳೋ ಪರಿಶಿಷ್ಟ ಕುಟುಂಬಗಳಿಗೇ ಹೋಗ್ತಿದೆ ಅನ್ನೋದು ಸರ್ಕಾರದ ಉತ್ತರ. ಅಷ್ಟಕ್ಕೇ ನಿಲ್ಲಿಸಿದ್ರೆ ಅರ್ಧ ಉತ್ತರ. ಎಲ್ಲರಿಗೂ ಸಿಗೋದು ಅವರಿಗೂ ಸಿಕ್ಕಿದ್ರೆ, ಅವರಿಗೇ ಅಂತ ಇದ್ದ ಹಾಸ್ಟೆಲ್, ಬೋರ್‌ವೆಲ್ ಕೊರೆಸಿಕೊಡೋ ಗಂಗಾ ಕಲ್ಯಾಣ, ಸ್ಕಾಲರ್‌ಶಿಪ್‌ಗೆ ಎಷ್ಟು ಉಳೀತು? ಬಜೆಟ್ ಪುಸ್ತಕದಿಂದ ಆ ಅಂಕಿ ತೆಗೆದು ಓದಿ, ಕಮ್ಮಿ ಆಗಿದ್ರೆ ಕಮ್ಮಿ ಆಗಿದೆ ಅನ್ನಿ.

ಇನ್ನು ದುಡ್ಡು ಕೊಟ್ಟಿದ್ದರ ಸಾಮಾಜಿಕ ಅರ್ಥ. ಗೃಹಲಕ್ಷ್ಮಿ ಉದ್ಘಾಟನೆ ಆಗಿದ್ದು ಮೈಸೂರಲ್ಲೇ, 2023ರ ಆಗಸ್ಟ್ 30ಕ್ಕೆ. 'ಮಹಿಳಾ ಸಬಲೀಕರಣ' ಅನ್ನೋ ಪದ ಹತ್ತು ಸಲ ಹೇಳೋ ಬದಲು ಮನೇಲಿ ಅಜ್ಜಿನ ಕೇಳ್ಕೊಂಡು ಬನ್ನಿ ಅಂತ ಅದೇ ಹುಡುಗಿಗೆ ಹೇಳಿದ್ದೆ. ಅಜ್ಜಿ ಹೇಳಿದ್ದನ್ನ ಹಂಗೇ ಸದನದಲ್ಲಿ ಹೇಳಿದ್ಲು: 'ಬಿಪಿ ಮಾತ್ರೆ ದುಡ್ಗೆ ಮಗನ್ ಮುಂದೆ ನಿಂತ್ಕಳದು ತಪ್ತು ಕಣವ್ವ.' 1949ರ ನವೆಂಬರ್ 25ಕ್ಕೆ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಕೊಟ್ಟ ಎಚ್ಚರಿಕೆ, ರಾಜಕೀಯದಲ್ಲಿ ಸಮಾನತೆ ಬಂದ್ರೂ ಸಾಮಾಜಿಕ ಆರ್ಥಿಕ ಬದುಕಲ್ಲಿ ಅಸಮಾನತೆ ಉಳಿಯುತ್ತೆ ಅನ್ನೋದು, ಈ ಮಾತಿನ ಪಕ್ಕದಲ್ಲಿಟ್ಟರೆ ತಾನಾಗೇ ಕೂತ್ಕೊಳ್ಳುತ್ತೆ. ನಮ್ಮ ಹುಣಸೂರಿನ ದೇವರಾಜ ಅರಸರ 1974ರ ಭೂ ಸುಧಾರಣೆ ನೆನಪಿಸೋದಾದ್ರೆ ಒಂದೇ ಸಾಲು. ಅವರ ಕೆಲಸದ ಹೊಗಳಿಕೆ ನಿಮ್ಮ ಸರ್ಕಾರದ ಪ್ರಶ್ನೆಗೆ ಉತ್ತರ ಆಗಲ್ಲ.

ಮಧ್ಯದಲ್ಲಿ ಎದ್ದು ಮಾತಾಡ್ತಾರೆ, ಅದು ಗ್ಯಾರಂಟಿ. ಯಾರಿಗೆ ಈಲ್ಡ್ ಆಗಬೇಕು, ಅಂದ್ರೆ ನಿಮ್ಮ ಮಾತು ನಿಲ್ಲಿಸಿ ಯಾರಿಗೆ ಮಾತಾಡೋಕೆ ಬಿಡಬೇಕು ಅಂತ ಮೊದಲೇ ತೀರ್ಮಾನ ಮಾಡಿ, ವಿರೋಧ ಪಕ್ಷದ ನಾಯಕರು ಎದ್ದರೆ ಕೂತ್ಕೊಂಡು ಪೂರ್ತಿ ಕೇಳಿ, ಉಳಿದವರಿಗೆ 'ಕೊನೇಲಿ ಸ್ಪಷ್ಟೀಕರಣಕ್ಕೆ ಅವಕಾಶ ಇದೆ' ಅನ್ನಿ. ಕ್ರಿಯಾಲೋಪ, ಅಂದ್ರೆ ಸದನದ ನಿಯಮ ಮೀರಿದೆ ಅನ್ನೋ ಆಕ್ಷೇಪ, ಎತ್ತಿದ್ರೆ ತೀರ್ಪು ಅಧ್ಯಕ್ಷರದ್ದು, ನೀವು ವಾದ ಮಾಡಬೇಡಿ. 'ನಿಮ್ಮ ಕಾಲದಲ್ಲಿ ಏನಾಗಿತ್ತು' ಅನ್ನೋದನ್ನ ಇಡೀ ಭಾಷಣದಲ್ಲಿ ಒಂದೇ ಒಂದು ಸಲ ಬಳಸಿ, ಅದೂ ಕೈಯಲ್ಲಿ ಅಂಕಿ ಇದ್ರೆ ಮಾತ್ರ. ಸಭಾತ್ಯಾಗ ಮಾಡಿ ಹೊರಟ್ರೂ ಮಾತು ನಿಲ್ಲಿಸಬೇಡಿ, ಖಾಲಿ ಕುರ್ಚಿ ನೋಡಿ ಗೇಲಿ ಮಾಡಬೇಡಿ, ಅವರ ಪ್ರಶ್ನೆಗೆ ಅವರು ಅಲ್ಲೇ ಕೂತಿದ್ದರೆ ಹೇಗೆ ಹೇಳ್ತಿದ್ರೋ ಹಂಗೇ ಉತ್ತರ ಹೇಳಿ, ಕಡತಕ್ಕೆ ಹೋಗುತ್ತೆ.

ಕೊನೆಗೆ ನೋಟ್‌ಬುಕ್ ಇನ್ನೊಂದ್ಸಲ ತಿರುವಿ ಹಾಕಿ, ಉತ್ತರ ಹೇಳದೆ ಉಳಿದ ಪ್ರಶ್ನೆ ಇದ್ರೆ ಅದನ್ನ ಓದಿ, ಲಿಖಿತವಾಗಿ ಕೊಡ್ತೀನಿ ಅಂತ ಹೇಳಿ. ಆಮೇಲೆ ಸದನದ ಒಪ್ಪಿಗೆ ಕೋರಿ ಕೂತ್ಕೊಳ್ಳಿ. ಅಧ್ಯಕ್ಷರು ಎದ್ದು ನಿಂತಾಗ ನೀವು ನಿಂತಿರಬಾರ್ದು.