ಪದ್ಯ ಬಿಡಬೇಡಿ, ಅರ್ಥ ನಿಮ್ಮದು: ಬದಿಯಡ್ಕದ ಪದವಿನಲ್ಲಿ ಆಜ್ ಸಿನಿಮಾ

ಅಮೆರಿಕದ ಲೇಖಕ ಬಾಮ್ ಬರೆದು 1900ರಲ್ಲಿ ಪ್ರಕಟವಾದ ‘ದಿ ವಂಡರ್‌ಫುಲ್ ವಿಜರ್ಡ್ ಆಫ್ ಆಜ್’ ಕಾದಂಬರಿಯನ್ನು ಕಾಸರಗೋಡಿನ ಬದಿಯಡ್ಕ ಕಡೆಯ ಮಕ್ಕಳನ್ನೇ ಹಾಕಿ ನಲವತ್ತು ನಿಮಿಷದ ಕನ್ನಡ ಸಿನಿಮಾ ಮಾಡಲು ಹೊರಟಾಗ ಎರಡು ಕಡೆಯಿಂದ ಆಕ್ಷೇಪ ಬಂತು. ಸುಂಟರಗಾಳಿಗೆ ಸಿಕ್ಕಿ ಆಜ್ ಎಂಬ ಮಾಯಾನಾಡಿಗೆ ಬಂದು ಬಿದ್ದ ಹುಡುಗಿ ಡೊರೋಥಿ ಮನೆಗೆ ಮರಳಲು ದಾರಿ ಹುಡುಕುವ ಕಥೆ ಅದು. ಪುಸ್ತಕ ಓದಿದವರು ಒಂದಕ್ಷರ ಬಿಡಬೇಡಿ ಎಂದರು. ನಾಟಕದವರು ಎಳೆ ಮಾತ್ರ ಇಟ್ಟುಕೊಂಡು ಉಳಿದದ್ದನ್ನೆಲ್ಲ ಊರಿನದ್ದು ಮಾಡಿ ಎಂದರು. ಎರಡನ್ನೂ ಮಾಡಿ ನೋಡಿದೆ, ಎರಡೂ ಕೈಕೊಟ್ಟವು.

ಮೊದಲ ಚಿತ್ರಕಥೆಯಲ್ಲಿ 24 ಅಧ್ಯಾಯಗಳೂ ಇದ್ದವು. ಓದಿಸಿದರೆ ಎರಡೂವರೆ ಗಂಟೆ ದಾಟಿತು. ಎರಡನೆಯದರಲ್ಲಿ ರೆಕ್ಕೆಯ ಕೋತಿಗಳು ಉಳಿದವು, ಚಿನ್ನದ ಟೋಪಿ ಹೋಯಿತು. ಓದು ಮುಗಿಯುವ ಮೊದಲೇ ಒಬ್ಬಳು ಹುಡುಗಿ ಕೇಳಿದಳು: “ಕೋತಿಗಳೇ ಹೊತ್ತುಕೊಂಡು ಹೋಗಿ ಮನೆಗೆ ಬಿಟ್ಟರಾಗದಾ?” ಪುಸ್ತಕದಲ್ಲಿ ಉತ್ತರವಿದೆ. ಟೋಪಿ ಇದ್ದವರ ಮಾತನ್ನು ಕೋತಿಗಳು ಮೂರೇ ಸಲ ಕೇಳುತ್ತವೆ, ತಮ್ಮ ನಾಡು ಬಿಟ್ಟು ಹೋಗುವುದಿಲ್ಲ. ಊರಿಗೆ ಒಯ್ಯಿರಿ ಎಂದು ಕೇಳಿಯೇ ಡೊರೋಥಿ ಎರಡನೇ ಅಪ್ಪಣೆ ಕಳೆದುಕೊಳ್ಳುತ್ತಾಳೆ. ಅದನ್ನು ಕತ್ತರಿಸಿದ್ದೇ ತಡ, ಕಥೆ ಸೋರತೊಡಗಿತ್ತು.

ಮೂರನೇ ಸಲ ತಾಳಮದ್ದಳೆಯ ಲೆಕ್ಕ ಹಿಡಿದೆ. ವೇಷವಿಲ್ಲದ ಈ ಯಕ್ಷಗಾನದಲ್ಲಿ ಭಾಗವತರು ಪದ್ಯ ಹಾಡುತ್ತಾರೆ, ಕೂತ ಅರ್ಥಧಾರಿಗಳು ಅದಕ್ಕೆ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಒಂದು ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳಬಹುದು, ಆದರೆ ಮುಂದಿನ ಪದ್ಯಕ್ಕೆ ಎಡೆ ಕೊಡಲೇಬೇಕು. ಪುಸ್ತಕದ ಜೆರಾಕ್ಸ್ ಪ್ರತಿಯಲ್ಲಿ ಮಾಯೆಯ ನಿಯಮಗಳಿಗೆ ಮಾತ್ರ ಕೆಂಪು ಗೆರೆ ಎಳೆದೆ: ಯಾವ ವಸ್ತು, ಯಾರ ಕೈಯಲ್ಲಿ, ಎಷ್ಟು ಸಲ, ಎಲ್ಲಿ ಸೋಲುತ್ತದೆ. ಘಟನೆಗೆ ನೀಲಿ, ವರ್ಣನೆಗೆ ಪೆನ್ಸಿಲ್. ಕೆಂಪು ಒಂದೂ ಬಿಡುವಂತಿಲ್ಲ. ನೀಲಿಯನ್ನು ಬಿಡಬಹುದು, ಕೂಡಿಸಬಹುದು. ಪೆನ್ಸಿಲ್ ಪೂರ್ತಿ ನಮ್ಮದು. ಕೆಂಪು ಹನ್ನೊಂದೋ ಹನ್ನೆರಡೋ ಬಂದಿರಬೇಕು. ಪಿಂಗಾಣಿ ನಾಡು ಸುಲಭವಾಗಿ ಹೋಯಿತು. ಗುಡ್ಡದಲ್ಲಿ ಡೊರೋಥಿಯ ದಾರಿ ತಡೆಯುವ ಸುತ್ತಿಗೆತಲೆಯವರನ್ನು ತೆಗೆದಾಗ ಮಾತ್ರ ಮೂರನೇ ಅಪ್ಪಣೆ ಖರ್ಚಾಗದೆ ಉಳಿಯಿತು. ಅದನ್ನು ನಮ್ಮ ಪೊಸಡಿಗುಂಪೆ ಗುಡ್ಡ ದಾಟಿಸಲು ಖರ್ಚು ಮಾಡಿಸಿದೆ. ಟೋಲ್ಕಿನ್‌ರ ಉಂಗುರದ ಕಥೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ 2001ರ ಸಿನಿಮಾ ಕಾಡಿನ ಟಾಮ್ ಬೊಂಬಾಡಿಲ್‌ನನ್ನು ಬಿಟ್ಟದ್ದು ನನಗೆ ಸರಿ ಕಾಣುವುದೂ ಇದೇ ಲೆಕ್ಕದಲ್ಲಿ. ಉಂಗುರದ ಶಕ್ತಿ ಅವನ ಮೇಲೆ ನಡೆಯುವುದಿಲ್ಲ. ಅವನು ನಿಯಮವಲ್ಲ, ಅದಕ್ಕೊಂದು ಅಪವಾದ; ಅವನು ಹೋದರೆ ನಿಯಮ ಬಿಗಿಯಾಗುತ್ತದೆ.

ಕೃತಿಸ್ವಾಮ್ಯದ ಹಕ್ಕಿನ ವಿಷಯ ನೋಡಿಕೊಳ್ಳಿ. ನಮ್ಮಲ್ಲಿ ಲೇಖಕ ತೀರಿ 60 ವರ್ಷದವರೆಗೆ ಹಕ್ಕು ಇರುತ್ತದೆ. ಬಾಮ್ ತೀರಿದ್ದು 1919ರಲ್ಲಿ, ತೊಂದರೆಯಿಲ್ಲ. 1973ರಲ್ಲಿ ತೀರಿದ ಟೋಲ್ಕಿನ್‌ರದ್ದು ಇನ್ನೂ ಮುಗಿದಿಲ್ಲ. ಅನುವಾದಕ್ಕೆ ಬೇರೆಯೇ ಹಕ್ಕಿರುವುದರಿಂದ ಇಂಗ್ಲಿಷ್ ಮೂಲದಿಂದಲೇ ಬರೆದೆ.

ಡೊರೋಥಿಯನ್ನು ಕೊನೆಗೆ ಮನೆ ಮುಟ್ಟಿಸುವ ಶೂ ಪುಸ್ತಕದಲ್ಲಿ ಬೆಳ್ಳಿಯದು. ಇದೇ ಕಥೆಯ 1939ರ ಹಾಲಿವುಡ್ ಸಿನಿಮಾ, ಅಂದಿನ ಬಣ್ಣದ ತಂತ್ರವಾದ ಟೆಕ್ನಿಕಲರ್‌ನಲ್ಲಿ ಎದ್ದು ಕಾಣಲೆಂದು ಅದನ್ನು ಮಾಣಿಕ್ಯದ ಕೆಂಪು ಮಾಡಿತು. ಬಣ್ಣ ಪೆನ್ಸಿಲ್ ಗೆರೆ, ತಪ್ಪಿಲ್ಲ. ನಮ್ಮವರೂ ಕೆಂಪೇ ಬೇಕೆಂದರು. ಏಳುನೂರು ರೂಪಾಯಿಯ ಕೆಂಪು ಶೂ ತಂದು ಪದವಿನ (ಗುಡ್ಡದ ಮೇಲಿನ ಬಯಲಿನ) ಮುರಕಲ್ಲಿನ ಮೇಲೆ ನಿಲ್ಲಿಸಿದರೆ ಕಾಲೇ ಕಾಣಲಿಲ್ಲ: ನೆಲವೂ ಕೆಂಪು, ಧೂಳೂ ಕೆಂಪು. ಹಳೆಯ ಕ್ಯಾನ್ವಾಸ್ ಶೂಗೆ ಬೆಳ್ಳಿ ಬಣ್ಣ ಹೊಡೆದಾಗ ಇಪ್ಪತ್ತು ಮಾರು ದೂರದಿಂದಲೂ ಮಿನುಗಿತು. ಅಲ್ಯೂಮಿನಿಯಂ ಹಾಳೆ ಅಂಟಿಸಬೇಡಿ, ಹೆಜ್ಜೆಗೊಮ್ಮೆ ಸರಪರ ಸದ್ದು ಮೈಕಿಗೆ ಬೀಳುತ್ತದೆ.

ಚಿನ್ನದ ಟೋಪಿಗೆ ಮುಟ್ಟಾಳೆಯ (ಅಡಕೆ ಹಾಳೆಯ ಟೋಪಿಯ) ಮೇಲೆ ಯಕ್ಷಗಾನದ ಬೇಗಡೆ. ಕೋತಿಯ ಒಂದು ರೆಕ್ಕೆಗೆ ಎರಡು ಅಡಕೆ ಹಾಳೆ. ಅರ್ಧ ಗಂಟೆ ನೆನೆಸಿ, ಬಗ್ಗಿಸಿ, ಕಲ್ಲು ಹೇರಿ ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಒಣ ಹಾಳೆ ಬಗ್ಗಿಸಿದರೆ ನಾರಿನುದ್ದಕ್ಕೂ ಸೀಳುತ್ತದೆ, ಪಸೆ ಉಳಿದರೆ ಬೂಸಲು ಬರುತ್ತದೆ. ಡೊರೋಥಿ ಪಚ್ಚೆ ನಗರಕ್ಕೆ ನಡೆಯುವ ಹಳದಿ ಇಟ್ಟಿಗೆಯ ದಾರಿಗೆ ಅಂಗಳದಲ್ಲಿ ಹಣ್ಣಡಕೆ ಹರಡಿದೆವು: ಮೂವತ್ತು ಅಡಿ ಉದ್ದ, ಮೂರಡಿ ಅಗಲಕ್ಕೆ ಸುಮಾರು ಒಂದೂಕಾಲು ಕ್ವಿಂಟಾಲ್. ಹೇಗೂ ಒಣಗಲು ಹಾಕುವ ಅಡಕೆ, ಖರ್ಚಿಲ್ಲ. ಆದರೆ ಬಣ್ಣ ಬೇಗ ಕಂದುತ್ತದೆ, ಮೊದಲ ಬೆಳಿಗ್ಗೆಯೇ ಚಿತ್ರೀಕರಿಸಿ. ಅಡಕೆಯ ಮೇಲೆ ಕಾಲು ಜಾರುತ್ತದೆ. ಹೆಜ್ಜೆ ಇಡುವಲ್ಲಿ ಹಳದಿ ಬಣ್ಣ ಹಚ್ಚಿದ ಗೋಣಿ ಹಾಸಿದೆವು.

ಮಾಂತ್ರಿಕನಿರುವ ಪಚ್ಚೆ ನಗರದಲ್ಲಿ ಹೆಚ್ಚು ಹಣ ಹೋಯಿತು. ಪುಸ್ತಕದಲ್ಲಿ ಅಲ್ಲಿ ಎಲ್ಲರ ಕಣ್ಣಿಗೂ ಬೀಗ ಹಾಕಿದ ಹಸಿರು ಕನ್ನಡಕ. ಊರೆಲ್ಲ ಹಸಿರಾಗಿ ಕಾಣುವುದಕ್ಕೆ ಅದೂ ಕಾರಣ. ಇದು ಕೆಂಪು ಗೆರೆ. ಲೆನ್ಸಿನ ಮುಂದೆ ಹಸಿರು ಜಿಲೆಟಿನ್ ಹಾಳೆ ಕಟ್ಟಿದರೆ ಒಂದು ಶಾಟ್ ಹಸಿರು, ಇನ್ನೊಂದು ಬಿಳಿಚು. ಬಿಳಿಯನ್ನು ಬಿಳಿಯಾಗಿ ತೋರಿಸಲು ಬಣ್ಣ ಸರಿಹೊಂದಿಸುವ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಆಟೋದಲ್ಲಿತ್ತು. ನಾವು ಹಾಕಿದ ಹಸಿರನ್ನು ಅದು ತಾನೇ ಅಳಿಸುತ್ತಿತ್ತು. ಅದನ್ನು ಹಗಲು ಬೆಳಕಿನ ಅಳತೆಯಾದ 5600 ಕೆಲ್ವಿನ್ನಿಗೆ ಬಿಗಿ ಮಾಡಿ ಎರಡು ದಿನದ ಕೆಲಸ ಮತ್ತೆ ಮಾಡಿದೆವು, ಹದಿನೈದು ಸಾವಿರದಷ್ಟು ನಷ್ಟ. ಒಟ್ಟು ಖರ್ಚು ಒಂದು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು.

ದುಷ್ಟ ಮಾಟಗಾತಿ ನೀರು ಬಿದ್ದು ಕಂದು ಸಕ್ಕರೆಯಂತೆ ಕರಗಿದಳು ಎಂದು ಮೂಲದಲ್ಲಿದೆ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಬೆಲ್ಲ. ಹಾಗಾಗಿ ಎರಡು ಕಿಲೋ ಬೆಲ್ಲದಲ್ಲೇ ಗೊಂಬೆ ಮಾಡಿದೆ. ತಣ್ಣೀರಿಗೆ ಜಗ್ಗಲಿಲ್ಲ. ಬಿಸಿನೀರು ಹನಿಸಿ ಐದು ಸೆಕೆಂಡಿಗೊಂದು ಫೋಟೋ ತೆಗೆದರೆ ಇಪ್ಪತ್ತು ನಿಮಿಷದ ಕರಗುವಿಕೆ ತೆರೆಯ ಮೇಲೆ ಹತ್ತು ಸೆಕೆಂಡು. ಮುಖ ಕೊನೆಗೆ ಕರಗುವಂತೆ ಬೆಲ್ಲಕ್ಕೆ ಬೆರೆಸಿದ್ದೇನು ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ. ವಾಚನಾಲಯದಲ್ಲಿ ತೋರಿಸಿದಾಗ ಆಕ್ಷೇಪ ಎತ್ತಿದವರೇ ಆ ದೃಶ್ಯವನ್ನು ಮತ್ತೆ ಹಾಕಿಸಿ ನೋಡಿದರು.

1939ರ ಸಿನಿಮಾ ಎಲ್ಲವನ್ನೂ ಕನಸಾಗಿಸಿತು. ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಪುಸ್ತಕದಲ್ಲಿ ಆಜ್ ನಿಜವಾದ ನಾಡು; ಹಿಂತಿರುಗುವಾಗ ಬೆಳ್ಳಿ ಶೂ ಮರಳುಗಾಡಿನಲ್ಲಿ ಬಿದ್ದು ಹೋಗುತ್ತದೆ. ನಮ್ಮ ಹುಡುಗಿ ಕೊನೆಯ ಶಾಟ್‌ನಲ್ಲಿ ಬರಿಗಾಲಲ್ಲಿ ಅಂಗಳಕ್ಕೆ ಓಡಿ ಬರುತ್ತಾಳೆ. ಅದನ್ನು ಬೆಳಿಗ್ಗೆ ಎಂಟರೊಳಗೆ ಮುಗಿಸಿ, ಆಮೇಲೆ ನೆಲ ಕಾದು ಕಾಲಿಡಲು ಆಗುವುದಿಲ್ಲ.